ಚೊಂಬಿಗೊಂದು ಜಾಗ: ಪಿ.ಬಿ. ರಸ್ತೆಯ ಗಾಡಿಗಳು, ಅವುಗಳೊಳಗಿನ ಪೆಟ್ಟಿಗೆಗಳು

ಇವತ್ತಿನ ಸಂಚಿಕೆಯನ್ನ ಒಂದು ಸ್ಟೀಲ್ ಚೊಂಬಿನಿಂದ ಶುರು ಮಾಡ್ತೀನಿ.

ನಮ್ಮ ಸೋದರಮಾವ ಲಾರಿ ಡ್ರೈವರ್ ಆಗಿದ್ದರು. ದಾವಣಗೆರೆಯಿಂದ ಕರಾವಳಿಗೆ ಮೆಕ್ಕೆಜೋಳ, ಅಕ್ಕಿ, ಹತ್ತಿ ಹೀಗೆ ಯಾವುದು ಸಿಕ್ಕರೆ ಅದನ್ನ ಹೊಡೆಯುತ್ತಿದ್ದರು. 1980ರ ದಶಕದ ಮಾತು. ಒಂದು ರಾತ್ರಿ ಅರಬೈಲು ಘಾಟಿ ಇಳಿಯುವಾಗ ಸೀಟಿನ ಪಕ್ಕ ಇಟ್ಟಿದ್ದ ನೀರಿನ ಚೊಂಬು ಉರುಳಿ ಬ್ರೇಕ್ ಪೆಡಲಿನ ಅಡಿಗೆ ಹೋಗಿ ಕೂತುಬಿಡ್ತು. ಕಾಲು ಒತ್ತಿದರೆ ಪೆಡಲ್ ಕೆಳಗೆ ಇಳೀತಾ ಇಲ್ಲ. ಹಿಂದೆ ತುಂಬಿದ ಲೋಡು, ಮುಂದೆ ತಿರುವು. ಮಾವ ಗೇರ್ ತಗ್ಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಎಡಗಡೆಯ ಗಾಲಿ ಇಳಿಸಿ ಹೇಗೋ ನಿಲ್ಲಿಸಿದರು. ಕ್ಲೀನರ್ ಹುಡುಗ ಕೆಳಗೆ ಬಗ್ಗಿ ಚೊಂಬು ಎಳೆದು ತೆಗೆದ. ಅದು ಅಪ್ಪಚ್ಚಿಯಾಗಿತ್ತು.

ಈ ಕತೆ ಹೇಳುವಾಗೆಲ್ಲ ಮಾವ ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ತಮ್ಮಾ, ಹತ್ತು ಟನ್ ಮಾಲಿಗೆ ಜಾಗ ಮಾಡ್ಯಾರ, ಒಂದು ಚೊಂಬಿಗೆ ಜಾಗ ಮಾಡಿರಲಿಲ್ಲ ನೋಡು."

ಇವತ್ತಿನ ನಮ್ಮ ವಿಷಯ ಅದೇ. ಗಾಡಿಯೊಳಗೆ, ಓಡಿಸುವವನ ಕೈಗೆ ಸಿಗುವಂತೆ ಸಾಮಾನು ಇಡುವ ಜಾಗ. ಈಗ ಕಾರು ಕಂಪನಿಗಳು ಅದನ್ನ ಕನ್ಸೋಲ್ ಅಂತ ಕರೀತವೆ. ಎರಡು ಸೀಟಿನ ನಡುವೆ ಇರೋ ಪೆಟ್ಟಿಗೆ, ಕಪ್ ಹೋಲ್ಡರ್, ಮೊಬೈಲ್ ಇಡೋ ಗೂಡು, ಹಿಂದೆ ಮುಂದೆ ಜಾರುವ ಕೈದಾನಿ ಎಲ್ಲ ಸೇರಿ ಕನ್ಸೋಲ್. ಬೇಕಾದಂತೆ ಹೊಂದಿಸಿಕೊಳ್ಳುವ ಕನ್ಸೋಲ್ ಅಂತ ಜಾಹೀರಾತಿನಲ್ಲಿ ತೋರಿಸುವಾಗ ಇದು ನಿನ್ನೆ ಮೊನ್ನೆ ಹುಟ್ಟಿದ್ದು ಅನ್ನಿಸುತ್ತೆ. ಆದರೆ ದಾವಣಗೆರೆ–ಹರಿಹರದ ದಾರಿಯಲ್ಲಿ ನಿಂತು ನೋಡಿದರೆ ಇದಕ್ಕೆ ಇನ್ನೂರು ವರ್ಷಕ್ಕೂ ಹಿಂದಿನ ಬೇರು ಕಾಣಿಸುತ್ತೆ. ಆ ಬೇರನ್ನೇ ಹಿಡಿದು ಹೋಗೋಣ.

ಎತ್ತಿನ ಬೆನ್ನಿನಿಂದ ಗಾಡಿಯ ಗೂಟದವರೆಗೆ

ದಾವಣಗೆರೆ ಮೊದಲಿಂದಲೂ ದೊಡ್ಡ ಊರಲ್ಲ. ಹೈದರಾಲಿ ಇದನ್ನ ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನ ಕರೆಸಿ ನೆಲೆ ನಿಲ್ಲಿಸಿದ, ಪೇಟೆ ಬೆಳೀತು. ಪೇಟೆ ಬೆಳೆದರೆ ಸರಕು ಸಾಗಬೇಕು. ಆ ಕಾಲದಲ್ಲಿ ಸರಕು ಹೆಚ್ಚಾಗಿ ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಲಂಬಾಣಿಗರು ಸಾಲು ಸಾಲು ಎತ್ತುಗಳನ್ನ ಹೊಡೆದುಕೊಂಡು ಉಪ್ಪು, ಧಾನ್ಯ ಸಾಗಿಸುತ್ತಿದ್ದರು.

ಹೇರೆತ್ತಿನ ಬೆನ್ನ ಮೇಲೆ ಹಾಕುವ ಜೋಡಿ ಚೀಲಕ್ಕೆ ಕಂಠಲೆ ಅಂತ ಹೆಸರು. ಬಾಯಿ ನಡುವೆ, ಚೀಲ ಎರಡೂ ಬದಿಗೆ ಇಳಿಬಿದ್ದಿರುತ್ತೆ. ಎಡಗಡೆ ಭಾರ ಹೆಚ್ಚಾದರೆ ಎತ್ತಿನ ಬೆನ್ನು ಹುಣ್ಣಾಗುತ್ತೆ, ಎತ್ತು ಮಲಗಿತೆಂದರೆ ವ್ಯಾಪಾರ ಮಲಗಿದ ಹಾಗೆ. ಅದಕ್ಕೆ ದಾರಿಯಲ್ಲಿ ಒಂದಷ್ಟು ಧಾನ್ಯ ಮಾರಿದ ಕೂಡಲೇ ಈ ಬದಿಯದನ್ನ ಆ ಬದಿಗೆ ಹಾಕಿ ಸಮ ಮಾಡಿಕೊಳ್ಳಬೇಕಿತ್ತು. ಸಾಮಾನಿನ ಜಾಗ ಹೊತ್ತವನಿಗೂ ಹೊಂದಬೇಕು, ಹೊತ್ತ ಸಾಮಾನಿಗೂ ಹೊಂದಬೇಕು ಅನ್ನೋ ತತ್ವ ಅಲ್ಲೇ ಇದೆ, ಅಲ್ವಾ?

ಆಮೇಲೆ ಗಾಡಿ ರಸ್ತೆಗಳು ಬಂದವು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆ ಆಯ್ತು. ಕಲ್ಲು ಇಟ್ಟಿಗೆಯಲ್ಲಿ ಕಟ್ಟಿದ 14 ಕಮಾನುಗಳ ಸೇತುವೆ. ಬೆಂಗಳೂರಿನಿಂದ ಧಾರವಾಡದ ಕಡೆ ಹೋಗುವ ಹೆದ್ದಾರಿ ಅದರ ಮೇಲೆ ಹಾದು ಹೋಗುತ್ತಿತ್ತು. ಸೇತುವೆ ಬಂದಮೇಲೆ ಹೊಳೆ ತುಂಬಿದರೂ ಎತ್ತಿನ ಗಾಡಿ ದಾಟಬಹುದು. ಮುಂದೆ ಇದೇ ದಾರಿ ಪೂನಾ–ಬೆಂಗಳೂರು ರಸ್ತೆ, ಪಿ.ಬಿ. ರೋಡು, ರಾಷ್ಟ್ರೀಯ ಹೆದ್ದಾರಿ 4 ಆಗಿ, ಈಗ 48 ಅನ್ನೋ ನಂಬರ್ ಹಾಕಿಕೊಂಡಿದೆ. ದಾವಣಗೆರೆಯವರಿಗೆ ಮಾತ್ರ ಊರೊಳಗಿನ ಹಳೇ ದಾರಿ ಇವತ್ತಿಗೂ ಪಿ.ಬಿ. ರೋಡೇ.

ಎತ್ತಿನ ಗಾಡಿಯನ್ನ ಸ್ವಲ್ಪ ಹತ್ತಿರದಿಂದ ನೋಡಿ. ಮಗ್ಗುಲಲ್ಲಿ ತೂತುಗಳಿರುತ್ತವೆ, ಅವುಗಳಲ್ಲಿ ಗೂಟ ನೆಡುತ್ತಾರೆ. ಹುಲ್ಲು ಹೇರುವಾಗ ಉದ್ದದ ಗೂಟ, ಮೂಟೆ ಹೇರುವಾಗ ಗಿಡ್ಡ ಗೂಟ, ಜನ ಕೂರುವಾಗ ಗೂಟ ಕಿತ್ತು ಕಮಾನು ಕಟ್ಟುತ್ತಾರೆ. ಗಾಡಿ ಒಂದೇ, ಒಳಗಿನ ಏರ್ಪಾಡು ಮಾತ್ರ ದಿನಕ್ಕೊಂದು. ಗಾಡಿಯ ಅಡಿಗೆ ಹಗ್ಗದ ಜಾಳಿಗೆ ಕಟ್ಟಿ ಎತ್ತುಗಳ ಮೇವು ಇಡುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತುಂಬಿ ನೇತುಹಾಕುತ್ತಿದ್ದರು. ಗಾಲಿ ಕಿರುಗುಟ್ಟಿದರೆ ಇಳಿದವನ ಕೈಗೆ ಮೊದಲು ಸಿಗೋದು ಅದೇ. ಯಾವುದು ಎಷ್ಟು ಸಲ ಬೇಕಾಗುತ್ತೋ ಅದು ಅಷ್ಟು ಹತ್ತಿರ. ಇದನ್ನ ಯಾರೂ ಪುಸ್ತಕದಲ್ಲಿ ಬರೆದಿರಲಿಲ್ಲ, ಗಾಡಿ ಮಾಡುವ ಬಡಗಿಗೆ ಗೊತ್ತಿತ್ತು. ಯಾಕಂದ್ರೆ ಗಾಡಿ ಹೊಡೆಯುವವನು ಅವನ ಅಂಗಳದಲ್ಲೇ ಕೂತಿರುತ್ತಿದ್ದ.

ಕ್ಯಾಬಿನ್ ಇಲ್ಲದೆ ಬಂದ ಲಾರಿಗಳು

ಈಗ ಮೋಟಾರು ಕಾಲಕ್ಕೆ ಬರೋಣ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡ್ತು. ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯ್ತು. ಈ ಕಂಪನಿಗಳ ಹೆಚ್ಚಿನ ಗಾಡಿಗಳು ಗಿರಾಕಿಗೆ ಪೂರ್ತಿ ಲಾರಿಯಾಗಿ ಬರುತ್ತಿರಲಿಲ್ಲ. ಬರುತ್ತಿದ್ದುದು ಚಾಸಿ. ಅಂದರೆ ಎಂಜಿನ್, ಗಾಲಿ, ಸ್ಟೇರಿಂಗ್, ಮುಂದೆ ಒಂದು ತಗಡಿನ ಮುಖ. ಮೇಲೆ ಸೂರಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಬಿಸಿಲು ಮಳೆಯಲ್ಲಿ ಬರಿ ಚಾಸಿ ಓಡಿಸಿಕೊಂಡು ಸಾಲಾಗಿ ಬರುವ ಡ್ರೈವರುಗಳನ್ನ ಹೆದ್ದಾರಿಯಲ್ಲಿ ನೋಡಿದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು.

ಆ ಚಾಸಿಗೆ ಮೈ ಕಟ್ಟುವವರು ಊರೂರಿನ ಮೇಸ್ತ್ರಿಗಳು. ತಮಿಳುನಾಡಿನ ನಾಮಕ್ಕಲ್ ಇದಕ್ಕೇ ಹೆಸರಾದ ಊರು. ನಮ್ಮ ಕಡೆ ಹೆದ್ದಾರಿ ಬದಿಯ ಊರುಗಳಲ್ಲೂ ಶೆಡ್ಡುಗಳಿದ್ದವು. ಮರದ ಚೌಕಟ್ಟು, ಮೇಲೆ ತಗಡು, ಬಾಗಿಲಿಗೆ ಬಣ್ಣದ ಬಳ್ಳಿ, ನೆತ್ತಿಯ ಮೇಲೆ ಊರ ದೇವರ ಹೆಸರು. ಡ್ರೈವರಿನ ಹಿಂದೆ ಅಡ್ಡಲಾಗಿ ಒಂದು ಉದ್ದನೆ ಹಲಗೆ. ಹಗಲು ಕೂರೋಕೆ, ರಾತ್ರಿ ಮಲಗೋಕೆ. ಅದರ ಅಡಿಯಲ್ಲಿ ಜಾಕು, ಪಾನಾ, ಟ್ಯೂಬು. ಗಾಜಿನ ಮೇಲೆ ಒಂದು ಗೂಡು. ಅದರಲ್ಲಿ ದೇವರ ಫೋಟೋ, ಊದುಬತ್ತಿ, ಪರ್ಮಿಟ್ಟು, ಬಿಲ್ಲು. ಹೊರಗಡೆ ಮಗ್ಗುಲಲ್ಲಿ ಸೀಮೆಎಣ್ಣೆ ಸ್ಟೌ, ಪಾತ್ರೆ ಇಡುವ ಪೆಟ್ಟಿಗೆ. ಕ್ಯಾಬಿನ್ ನೆತ್ತಿಯ ಮೇಲೆ ತಾಡಪಾಲು, ಹಗ್ಗ. ತಿಂಗಳಲ್ಲಿ ಇಪ್ಪತ್ತು ದಿನ ಇಬ್ಬರು ಮೂವರು ಇರುವ ಮನೆ ಅದು.

ಬಸ್ಸಿನಲ್ಲೂ ಹಾಗೇ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಶುರುವಾಯ್ತು. 1961ರಲ್ಲಿ ಅದು ನಿಗಮವಾಯ್ತು. ಡ್ರೈವರಿನ ಎಡಕ್ಕೆ ಎಂಜಿನ್ ಮುಚ್ಚಿದ ಬಾನೆಟ್ ಇರುತ್ತಿತ್ತಲ್ಲ, ನೆನಪಿದೆಯಾ? ಬಸ್ಸು ತುಂಬಿದರೆ ಅದರ ಮೇಲೂ ಜನ ಕೂರುತ್ತಿದ್ದರು. ಡ್ರೈವರಿನ ಬುತ್ತಿ ಅದರ ಮೇಲೇ ಬೆಚ್ಚಗಿರುತ್ತಿತ್ತು. ನನ್ನ ಲೆಕ್ಕದಲ್ಲಿ ನಮ್ಮ ನಾಡಿನ ಜನ ಕಂಡ ಮೊದಲ ಮಧ್ಯದ ಕನ್ಸೋಲ್ ಆ ಬಾನೆಟ್ಟೇ. ಅದನ್ನ ಯಾರೂ ಸಾಮಾನು ಇಡೋಕೆ ಅಂತ ಮಾಡಿರಲಿಲ್ಲ. ಕೈಗೆ ಸಿಕ್ಕಿತು, ಜನ ಬಳಸಿಕೊಂಡರು.

ಹಲಗೆ, ಮೂರು ತೂತು, ಒಂದು ಬೋಲ್ಟು

ಮಾವನ ಚೊಂಬಿನ ಕತೆಗೆ ವಾಪಸ್ ಬರ್ತೀನಿ. ಘಾಟಿಯಿಂದ ಬದುಕಿ ಬಂದವರೇ ಮಾವ ಲಾರಿಯನ್ನ ಸೀದಾ ಮೇಸ್ತ್ರಿ ಶೆಡ್ಡಿಗೆ ಹೊಡೆದರು. ನಾನಾಗ ಶಾಲೆ ಹುಡುಗ, ಜೊತೆಗಿದ್ದೆ. ಮೇಸ್ತ್ರಿ ಟೇಪು ತೆಗೀಲಿಲ್ಲ. "ಅಣ್ಣಾರ, ಮೇಲೆ ಹತ್ತಿ ಕೂತ್ಕಳ್ರಿ" ಅಂದ. ಮಾವ ಕೂತರು. "ಸ್ಟೇರಿಂಗ್ ಹಿಡ್ಕಳ್ರಿ. ಕಣ್ಣು ರಸ್ತೆ ಮ್ಯಾಲೇ ಇರ್ಲಿ. ಈಗ ಎಡಗೈ ಬಿಟ್ಟು ನೀರು ತಗಳ್ಳಂಗ ಮಾಡ್ರಿ." ಮಾವ ಕೈ ಚಾಚಿದರು. ಕೈ ತಾನಾಗೇ ಎಲ್ಲಿ ಹೋಗಿ ನಿಂತಿತೋ ಅಲ್ಲಿ ಮೇಸ್ತ್ರಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. "ಇಲ್ಲೇ ನಿಮ್ ಚೊಂಬಿನ ಮನೆ."

ಅವನು ಮಾಡಿಕೊಟ್ಟಿದ್ದು ಮೊಳಕ್ಕಿಂತ ಸ್ವಲ್ಪ ಉದ್ದದ ಒಂದು ಮರದ ಪೆಟ್ಟಿಗೆ. ಸೀಟಿಗೂ ಬಾನೆಟ್ಟಿಗೂ ನಡುವೆ ಕೂರುತ್ತಿತ್ತು. ಒಳಗೆ ಎರಡು ಅಡ್ಡ ಹಲಗೆ, ಅವನ್ನ ಕಿತ್ತು ಬೇರೆ ಕಚ್ಚಿನಲ್ಲಿ ಇಳಿಸಬಹುದು. ಚೊಂಬು ಇಟ್ಟರೆ ಹಲಗೆ ಹತ್ತಿರ, ಊಟದ ಕ್ಯಾರಿಯರ್ ಇಟ್ಟರೆ ಹಲಗೆ ದೂರ. ಮೇಲೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ, ಇಟ್ಟದ್ದು ಹಾರಬಾರದಲ್ಲ. ಪೆಟ್ಟಿಗೆ ನಿಲ್ಲಿಸಿದ ಕಬ್ಬಿಣದ ಪಟ್ಟಿಯಲ್ಲಿ ಮೂರು ತೂತು, ಒಂದು ಬೋಲ್ಟು. ಮೂರು ತೂತು ಯಾಕೆ ಅಂತ ಕೇಳಿದ್ದಕ್ಕೆ ಮೇಸ್ತ್ರಿ ನಗುತ್ತಾ, "ನಿಮ್ ಮಾವ ಒಬ್ಬರೇ ಓಡಸ್ತಾರೇನೋ? ರಾತ್ರಿ ಓಡ್ಸೋ ಸೆಕೆಂಡ್ ಡ್ರೈವರ್ ಕುಳ್ಳ" ಅಂದ.

ಆ ಮೂರು ತೂತುಗಳೇ ಇವತ್ತಿನ ವಿಷಯದ ತಿರುಳು.

ಬೋಲ್ಟಿಗೆ ತೂತು ಹಾಕಿಸಿದ್ದು ಯಾವುದೋ ಸಣ್ಣ ವರ್ಕ್‌ಶಾಪಿನಲ್ಲಿ. ಅಂಥ ವರ್ಕ್‌ಶಾಪುಗಳಿಗೆ ನಮ್ಮ ಕಡೆ ಯಾವತ್ತೂ ಕಮ್ಮಿ ಇರಲಿಲ್ಲ. ಅದಕ್ಕೆ ಕಾರಣ ಹರಿಹರ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯ್ತು. ಅಲ್ಲಿ ತಯಾರಾದ ಲೇತುಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಲೇತು ನೋಡಿದವರಿಗೆ ಗೊತ್ತು, ಅದರ ಬೆಡ್ಡಿನ ಮೇಲೆ ಟೂಲ್ ಹಿಡಿದ ಕ್ಯಾರೇಜ್ ಜಾರುತ್ತೆ. ಎದುರಿಗಿನ ಟೈಲ್‌ಸ್ಟಾಕನ್ನ ಕೆಲಸದ ಉದ್ದಕ್ಕೆ ತಕ್ಕಂತೆ ಸರಿಸಿ, ಹಿಡಿ ತಿರುಗಿಸಿ ಬಿಗಿ ಮಾಡ್ತಾರೆ. ಸಡಿಲ ಮಾಡು, ಜಾರಿಸು, ಬಿಗಿ ಮಾಡು. ಈ ಮೂರು ಕೆಲಸವನ್ನ ಅಲುಗಾಡದಂತೆ ಮಾಡೋದೇ ಯಂತ್ರ ಕಟ್ಟುವವರ ಪಾಂಡಿತ್ಯ. ಕಾರಿನ ಜಾರುವ ಕೈದಾನಿಯ ಒಳಗಿರೋದೂ ಇದೇ ಮೂರು ಕೆಲಸ. ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಕಲಿತ ಕೈಗಳು ಮಾತ್ರ ಊರಲ್ಲೇ ಉಳಿದವು.

ಕೈಚೀಲದ ಪೆಟ್ಟಿಗೆಯಿಂದ ಕಪ್ ಹೋಲ್ಡರಿನವರೆಗೆ

ನಮ್ಮಲ್ಲಿ ಹೀಗೆ ನಡೀತಿರುವಾಗ ಹೊರಗಿನ ಲೋಕದಲ್ಲಿ ಏನಾಗ್ತಿತ್ತು? ಇಂಗ್ಲೆಂಡಿನಲ್ಲಿ ಡೊರೊತಿ ಲೆವಿಟ್ ಅನ್ನೋ ಹೆಣ್ಣುಮಗಳು ಕಾರ್ ರೇಸಿನಲ್ಲಿ ಹೆಸರು ಮಾಡಿದ್ದಳು. 1909ರಲ್ಲಿ ಕಾರು ಓಡಿಸುವ ಹೆಂಗಸರಿಗಾಗಿ ಒಂದು ಪುಸ್ತಕ ಬರೆದಳು. ಸೀಟಿನ ಅಡಿಯ ಸಣ್ಣ ಡ್ರಾಯರಿನಲ್ಲಿ ಕೈಚೀಲ, ಕರವಸ್ತ್ರ, ಒಂದು ಕೈಗನ್ನಡಿ ಇಟ್ಟುಕೊಳ್ಳಿ ಅಂದಳು. ಕೈಚೀಲ ಅಂದರೆ ಬೆರಳಿಗೆ ಹಾಕುವ ಗ್ಲೋವ್ಸ್. ಆ ಕನ್ನಡಿ ಬರೀ ಮುಖ ನೋಡಿಕೊಳ್ಳೋಕಲ್ಲ, ಆಗಾಗ ಎತ್ತಿ ಹಿಡಿದು ಹಿಂದೆ ಬರುವ ಗಾಡಿ ನೋಡಿಕೊಳ್ಳಿ ಅಂತಲೂ ಹೇಳಿದಳು. ಕಾರಿನ ಗ್ಲೋವ್ ಬಾಕ್ಸಿಗೆ ಆ ಹೆಸರು ಬಂದದ್ದು ಇಂಥ ಗ್ಲೋವ್ಸಿನಿಂದಲೇ. ನೋಡಿ, ಇಲ್ಲೂ ಅಷ್ಟೇ. ಸಾಮಾನಿನ ಜಾಗ ಎಲ್ಲಿರಬೇಕು ಅಂತ ಹೇಳಿದವಳು ಸ್ವತಃ ಗಾಡಿ ಓಡಿಸುವವಳು.

ಎರಡು ಸೀಟಿನ ನಡುವಿನ ಕನ್ಸೋಲ್ ಬರೋಕೆ ಮೊದಲು ಆ ನಡುವೆ ಜಾಗ ಹುಟ್ಟಬೇಕಿತ್ತು. ಅಂಬಾಸಿಡರ್ ಕಾರು ನೆನಪಿಸಿಕೊಳ್ಳಿ. ಮುಂದಿನ ಸೀಟು ಒಂದೇ ಉದ್ದನೆ ಬೆಂಚು, ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಡ್ರೈವರ್ ಸೇರಿ ಮುಂದೆ ಮೂರು ಜನ, ಮದುವೆ ದಿಬ್ಬಣ ಆದರೆ ನಾಲ್ಕು. ಪೆಟ್ಟಿಗೆ ಇಡೋಕೆ ಎಲ್ಲಿದೆ ಜಾಗ? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದಿನ ಸೀಟು ಬೇರೆ ಬೇರೆ, ಗೇರು ನೆಲದ ಮೇಲೆ. ಸೀಟುಗಳ ನಡುವೆ ಗೇಣಷ್ಟು ಜಾಗ ಸಿಕ್ತು. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಕನ್ಸೋಲ್ ಬಂದದ್ದು ಆ ಗೇಣು ಜಾಗದಲ್ಲಿ. ಅದೇ ಹೊತ್ತಿಗೆ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿಯ ಮಿನಿವ್ಯಾನುಗಳು ಕಪ್ ಹೋಲ್ಡರ್ ಜೊತೆಗೇ ಬಂದವು, ಆಮೇಲೆ ಅದಿಲ್ಲದ ಕಾರನ್ನ ಅಲ್ಲಿನ ಜನ ಕೊಳ್ಳೋದೇ ಕಷ್ಟವಾಯ್ತು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದು ಪಿ.ಬಿ. ರೋಡಿನ ಟ್ಯಾಕ್ಸಿಗಳಾದವು. ಹರಿಹರದವರಿಗೆ ಕಿರ್ಲೋಸ್ಕರ್ ಅನ್ನೋದು ಹೊಸ ಹೆಸರೇನಲ್ಲ ಬಿಡಿ.

ಆದರೆ ಮೂರು ತೂತಿನ ಪ್ರಶ್ನೆ ಹಾಗೇ ಉಳಿದಿತ್ತು. ಲಕ್ಷಗಟ್ಟಲೆ ಕಾರು ಮಾಡುವಾಗ ಯಾರ ಕೈಯಳತೆಗೆ ಮಾಡಬೇಕು?

ಇದಕ್ಕೆ ಉತ್ತರ ಸಿಕ್ಕಿದ್ದು ವಿಮಾನದಿಂದ. 1950ರಲ್ಲಿ ಅಮೆರಿಕದ ವಾಯುಪಡೆಯಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕ 4,063 ಪೈಲಟ್‌ಗಳ ಮೈಯಳತೆಯನ್ನ ಪರಿಶೀಲಿಸಿದ. ಎತ್ತರ, ಎದೆ, ತೋಳು ಹೀಗೆ 10 ಅಳತೆ ತೆಗೆದುಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಇರುವವರು ಎಷ್ಟು ಮಂದಿ ಅಂತ ಲೆಕ್ಕ ಹಾಕಿದ. ಎಷ್ಟು ಅಂತೀರಿ? ಒಬ್ಬನೂ ಇಲ್ಲ! ಸರಾಸರಿ ಮನುಷ್ಯನಿಗೆ ಅಂತ ಕಾಕ್‌ಪಿಟ್ ಮಾಡಿದರೆ ಅದು ಯಾರಿಗೂ ಸರಿಹೊಂದಲ್ಲ ಅಂತಾಯ್ತು. ಅಲ್ಲಿಂದ ಮುಂದೆ ವಾಯುಪಡೆ ಹಿಂದೆ ಮುಂದೆ ಸರಿಯುವ ಸೀಟು, ಹೊಂದಿಸಿಕೊಳ್ಳುವ ಪೆಡಲು, ಪಟ್ಟಿ ಬಿಗಿ ಮಾಡುವ ಹೆಲ್ಮೆಟ್ಟು ಬೇಕೇ ಬೇಕು ಅಂತ ಹಟ ಹಿಡೀತು. ದಾವಣಗೆರೆಯ ಮೇಸ್ತ್ರಿ "ಸೆಕೆಂಡ್ ಡ್ರೈವರ್ ಕುಳ್ಳ" ಅಂತ ಒಂದೇ ಮಾತಲ್ಲಿ ಹೇಳಿದ್ದೂ ಇದನ್ನೇ.

ಇವತ್ತು ಪೆಟ್ಟಿಗೆ ಹೇಗೆ ಹುಟ್ಟುತ್ತೆ

ಈಗಿನ ಎಂಜಿನಿಯರು ಸೀಮೆಸುಣ್ಣದ ಬದಲು ಕಂಪ್ಯೂಟರ್ ಹಿಡಿದಿದ್ದಾನೆ, ಆದರೆ ಕೇಳೋ ಪ್ರಶ್ನೆ ಅದೇ. ಮೊದಲು ಕೂತವನ ಸೊಂಟದ ಕೀಲು ಎಲ್ಲಿ ಬರುತ್ತೆ ಅಂತ ಗುರುತಿಸ್ತಾರೆ. ಅಲ್ಲಿಂದ ಭುಜ, ಮೊಣಕೈ, ಬೆರಳ ತುದಿ. ಬೆನ್ನು ಸೀಟಿಗೆ ಒರಗಿದ ಹಾಗೇ ಇದ್ದು ಕೈ ಎಲ್ಲಿವರೆಗೆ ಹೋಗುತ್ತೋ ಅಷ್ಟು ಜಾಗವನ್ನ ಗಾಳಿಯಲ್ಲಿ ಒಂದು ಗುಮ್ಮಟದ ಹಾಗೆ ಬರೀತಾರೆ. ಗಿಡ್ಡ ಹೆಂಗಸಿಗೂ ಎತ್ತರದ ಗಂಡಸಿಗೂ ಬೇರೆ ಬೇರೆ ಗುಮ್ಮಟ. ಎರಡೂ ಒಂದರ ಮೇಲೊಂದು ಬೀಳುವ ಜಾಗದಲ್ಲಿ ದಿನಾ ಬೇಕಾಗುವ ಸಾಮಾನು. ಹೊಂದದೆ ಉಳಿದ ವ್ಯತ್ಯಾಸಕ್ಕೆ ಜಾರುವ ಹಳಿ. ಇದಕ್ಕೆ ನಮ್ಮ ಜನರ ಅಳತೆಯೇ ಬೇಕು, ಯೂರೋಪಿನವರ ಅಳತೆ ತಂದರೆ ನಡೆಯಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಭಾರತೀಯರ ಮೈಯಳತೆಗಳ ಒಂದು ಪುಸ್ತಕವನ್ನೇ ಹೊರತಂದಿತು.

ಜಾರುವ ಹಳಿಯ ಅಡಿಯಲ್ಲಿ ಹಲ್ಲುಗಳಿರುತ್ತವೆ, ಒಂದು ಸ್ಪ್ರಿಂಗಿನ ನಾಲಿಗೆ ಆ ಹಲ್ಲಿಗೆ ಕಚ್ಚಿಕೊಳ್ಳುತ್ತೆ. ಹಲ್ಲು ಆಳವಾದರೆ ಸರಿಸೋಕೆ ಜೋರು ಬೇಕು. ತೇಲಿದರೆ ಹಂಪ್ ಬಂದಾಗ ತಾನೇ ಜಾರುತ್ತೆ. ಕಪ್ ಹೋಲ್ಡರಿನೊಳಗೆ ಸ್ಪ್ರಿಂಗಿನ ಬೆರಳುಗಳಿರುತ್ತವೆ. ಸಣ್ಣ ಬಾಟಲಿ ಬಂದರೆ ಮುಂದೆ ಬಂದು ಹಿಡಿಯುತ್ತವೆ, ದಪ್ಪ ಬಾಟಲಿ ಬಂದರೆ ಹಿಂದೆ ಸರಿಯುತ್ತವೆ. ಒಳಗಿನ ಅಡ್ಡ ಹಲಗೆ ಪ್ಲಾಸ್ಟಿಕ್ಕಿನದು, ಕಚ್ಚಿನಲ್ಲಿ ಎತ್ತಿ ಇಳಿಸಬಹುದು. ತಳಕ್ಕೆ ರಬ್ಬರ್ ಹಾಸು, ಸದ್ದೂ ಆಗಬಾರದು, ಜಾರಲೂಬಾರದು. ಕೇಳ್ತಾ ಕೇಳ್ತಾ ನಿಮಗೂ ಅನ್ನಿಸಿರಬೇಕು. ಕಚ್ಚು, ಹಲಗೆ, ರಬ್ಬರ್, ಮೂರು ತೂತು. ಎಲ್ಲಾ ಮಾವನ ಪೆಟ್ಟಿಗೆಯಲ್ಲೂ ಇತ್ತು.

ಒಂದು ಮುಖ್ಯ ವಿಷಯ ಮಾತ್ರ ಆ ಪೆಟ್ಟಿಗೆಯಲ್ಲಿ ಇರಲಿಲ್ಲ, ಅದನ್ನ ಮುಚ್ಚಿಡೋದು ಸರಿಯಲ್ಲ. ಡಿಕ್ಕಿಯ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಡಿಕ್ಕಿ ಹೊಡೆದು ತಟ್ಟನೆ ನಿಂತರೆ, ಒಳಗೆ ಬಿಡಿಯಾಗಿ ಇಟ್ಟ ವಸ್ತು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತೆ. ಒಂದು ಲೀಟರ್ ನೀರಿನ ಬಾಟಲಿ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ತಾರಸಿಯಿಂದ ತಲೆ ಮೇಲೆ ಬಿದ್ದಷ್ಟು ಹೊಡೆತ ಅದು. ಪಾನಾ, ಜಾಕು ಆದರೆ ಕೇಳೋದೇ ಬೇಡ. ಅದಕ್ಕೇ ಈಗಿನ ಕನ್ಸೋಲಿನ ಮುಚ್ಚಳ ಡಿಕ್ಕಿಯಲ್ಲೂ ತೆರೆದುಕೊಳ್ಳಬಾರದು, ಅಂಚು ಚೂಪಾಗಿರಬಾರದು, ಮೊಣಕಾಲು ತಾಗಿದರೆ ಮುರಿದು ಚೂರು ಚುಚ್ಚಬಾರದು ಅಂತ ನೋಡ್ತಾರೆ. ಮರದ ಕ್ಯಾಬಿನ್ನಿಗೆ ಇಂಥ ಪರೀಕ್ಷೆ ಇರಲಿಲ್ಲ. ಎದುರಾಬದುರಾ ಡಿಕ್ಕಿಯಾದರೆ ಆ ಮರ ಸೀಳಿ ಡ್ರೈವರಿಗೇ ಈಟಿಯಾಗುತ್ತಿತ್ತು. ಮೇಸ್ತ್ರಿಗಳ ಕಾಲ ಸ್ವರ್ಗವಾಗಿತ್ತು ಅಂತ ನಾನು ಹೇಳಲ್ಲ.

ಕಾರ್ಖಾನೆಯ ಕ್ಯಾಬಿನ್, ಕಳೆದುಹೋದ ಗೆರೆ

ಅದಕ್ಕೇ ನಿಯಮ ಬಂತು, ಬರಲೇಬೇಕಿತ್ತು. ಬಸ್ಸಿನ ಮೈ ಕಟ್ಟೋಕೆ ಎಐಎಸ್-052, ಲಾರಿ ಕ್ಯಾಬಿನ್ ಹಾಗೂ ಮೈಗೆ ಎಐಎಸ್-093 ಅನ್ನೋ ಸಂಹಿತೆಗಳು. ಬಾಗಿಲು ಎಷ್ಟಗಲ, ಸೀಟು ಎಷ್ಟು ಗಟ್ಟಿ, ಮಲಗೋ ಜಾಗ ಎಷ್ಟು ಉದ್ದ, ಎಲ್ಲಕ್ಕೂ ಅಳತೆ. ಇನ್ನೊಂದು ಕಡೆ ಪೂರ್ತಿ ಕಟ್ಟಿದ ಗಾಡಿಗಳೇ ಬರತೊಡಗಿದವು. ಹೊಸಕೋಟೆಯಲ್ಲಿ ವೋಲ್ವೋ 1998ರಲ್ಲಿ ಮಲಗುವ ಬರ್ತ್ ಇರುವ ಕ್ಯಾಬಿನ್ನಿನ ಲಾರಿಗಳನ್ನ ಮಾಡತೊಡಗಿತು. ಇದೇ ಪಿ.ಬಿ. ರೋಡಿನಲ್ಲಿ ಹರಿಹರದಿಂದ ಇನ್ನೂ ಮುಂದಕ್ಕೆ ಹೋದರೆ ಸಿಗುವ ಧಾರವಾಡದಲ್ಲಿ ಟಾಟಾದವರು ಬ್ರೆಜಿಲಿನ ಮಾರ್ಕೊಪೋಲೊ ಜೊತೆ 2006ರಲ್ಲಿ ಕೈಜೋಡಿಸಿ ಪೂರ್ತಿ ಬಸ್ಸು ಕಟ್ಟುವ ಕಾರ್ಖಾನೆ ತೆರೆದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಅಂತಲೂ ಆಗಿದೆ. ಬಾನೆಟ್ಟಿನ ಕಾವಿನಲ್ಲಿ ಬೆಂದವರಿಗೆ ಇದು ಸಣ್ಣ ಮಾತಲ್ಲ.

ಇದರಿಂದ ಜೀವ ಉಳಿದಿದೆ. ಜೊತೆಗೇ ಕೆಲವು ಶೆಡ್ಡುಗಳು ಖಾಲಿಯಾಗಿವೆ. ಪರೀಕ್ಷೆಗೆ, ಮಾನ್ಯತೆಗೆ ದುಡ್ಡು ಹಾಕಲಾಗದ ಮೇಸ್ತ್ರಿಗಳು ಗ್ರಿಲ್ಲು, ಟ್ರಾಲಿ ಮಾಡೋ ಕಡೆ ಹೋದರು. ನಮ್ಮ ಮೇಸ್ತ್ರಿಯ ಮಗ ಈಗ ಮನೆಗಳಿಗೆ ಅಡುಗೆಮನೆ ಕಪಾಟು ಮಾಡ್ತಾರೆ. "ಕೈ ಚಾಚ್ರಿ ಅಕ್ಕಾರ" ಅಂತ ಈಗಲೂ ಕೇಳ್ತಾರಂತೆ.

ಮಾವ ಕೆಲಸದ ಕೊನೆಯ ಕೆಲ ವರ್ಷ ಕಾರ್ಖಾನೆಯ ಕ್ಯಾಬಿನ್ನಿನ ಲಾರಿ ಓಡಿಸಿದರು. ಕೆಎ-17 ನಂಬರಿನ ಹೊಸ ಲಾರಿ, ನೆಟ್ಟಗಿನ ಸೀಟು, ಗಾಳಿ ಸದ್ದು ಒಳಗೆ ಬರೋದೇ ಇಲ್ಲ. ಒಂದು ಸಲ ನಾನು ಹತ್ತಿ ಕೂತು ನೋಡಿದೆ. ಬಾಟಲಿ ಇಡೋ ಗುಂಡಿ ಇತ್ತು, ಆದರೆ ಅವರ ಚೊಂಬು ಅದರಲ್ಲಿ ಹಿಡಿಯಲ್ಲ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಪೇಪರ್ ಇಡೋ ಗೂಡಿತ್ತು, ಅದಕ್ಕೆ ಬೆನ್ನು ಬಿಟ್ಟು ಬಗ್ಗಬೇಕು. ಮಾವ ಚೊಂಬನ್ನ ಹ್ಯಾಂಡ್‌ಬ್ರೇಕಿನ ಪಕ್ಕಕ್ಕೆ ಹುರಿ ಹಾಕಿ ಕಟ್ಟಿದ್ದರು. ನನಗೆ ಘಾಟಿ ನೆನಪಾಯ್ತು. ಕೇಳಿದರೆ, "ಎಲ್ಲಾ ಚಲೋ ಐತಿ ತಮ್ಮಾ. ಆದ್ರ ಇದನ್ನ ಮಾಡ್ದೋರು ನನ್ನ ಕೂರ್ಸಿ ನೋಡಿಲ್ಲ" ಅಂದರು.

ಹೊಂದಿಸಿಕೊಳ್ಳುವ ಕನ್ಸೋಲ್ ಅನ್ನೋ ಹೊಸ ಮಾತಿಗೆ ನಾನು ಬೆಲೆ ಕೊಡೋದು ಇದಕ್ಕೇ. ಗಾಡಿ ಬಡಗಿಗೆ ಗೂಟದ ತೂತಿತ್ತು, ಲಾರಿ ಮೇಸ್ತ್ರಿಗೆ ಮೂರು ತೂತಿನ ಪಟ್ಟಿ ಇತ್ತು. ಕಾರ್ಖಾನೆ ಬಂದಾಗ ಕ್ಯಾಬಿನ್ ಗಟ್ಟಿಯಾಯ್ತು, ಆದರೆ ತೂತು ಮುಚ್ಚಿಹೋಯ್ತು. ಡಿಕ್ಕಿಗೆ ಜಗ್ಗದ ಪೆಟ್ಟಿಗೆಯಲ್ಲಿ ಆ ತೂತನ್ನ ಮತ್ತೆ ತೆರೆಯೋದೇ ಈಗಿನ ವಿನ್ಯಾಸಕಾರರ ಕೆಲಸ. ಅದು 20 ಲಕ್ಷದ ಕಾರಿನಲ್ಲಿ ಫೋನ್ ಇಡೋಕೆ ಬಂದರೆ ಸಾಲದು. ತಿಂಗಳಲ್ಲಿ ಇಪ್ಪತ್ತು ದಿನ ಕ್ಯಾಬಿನ್ನಿನಲ್ಲೇ ಉಣ್ಣುವ, ಮಲಗುವ ಮನುಷ್ಯನ ಲಾರಿಗೂ ಬರಬೇಕು. ಅವನ ಚೊಂಬಿಗೆ, ಕ್ಯಾರಿಯರಿಗೆ, ಕಂಬಳಿಗೆ, ದೇವರ ಫೋಟೋಗೆ. ಅದಕ್ಕೆ ದುಬಾರಿ ಯಂತ್ರವೇನೂ ಬೇಡ, ಮಾದರಿ ಕ್ಯಾಬಿನ್ ಮಾಡುವಾಗ ನಾಲ್ಕು ಊರಿನ ನಾಲ್ಕು ಡ್ರೈವರುಗಳನ್ನ ಕರೆದು ಕೂರಿಸಿ, ಕಣ್ಣು ರಸ್ತೆ ಮೇಲಿಟ್ಟು ಕೈ ಚಾಚೋಕೆ ಹೇಳಿದರೆ ಸಾಕು.

ಮಾವ ಈಗಿಲ್ಲ. ಆ ಹಳೇ ಲಾರಿ ಗುಜರಿಗೆ ಹೋಗುವ ಮುಂಚೆ ಅವರು ಬೋಲ್ಟು ಬಿಚ್ಚಿ ಪೆಟ್ಟಿಗೆಯನ್ನ ಮನೆಗೆ ತಂದಿದ್ದರು. ಅತ್ತೆ ಅದರಲ್ಲಿ ಎಣ್ಣೆ ಬಾಟಲಿ, ಉಪ್ಪಿನಕಾಯಿ ಭರಣಿ ಇಡ್ತಾರೆ. ಹೋದ ತಿಂಗಳು ಹೋದಾಗ ನೋಡಿದೆ, ದೊಡ್ಡ ಭರಣಿ ಬಂದಿದೆ ಅಂತ ಅಡ್ಡ ಹಲಗೆಯನ್ನ ಒಂದು ಕಚ್ಚು ಆಚೆಗೆ ಸರಿಸಿದ್ದರು.

ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಗಾಡಿಗಳಲ್ಲಿ ಇಂಥ ಪೆಟ್ಟಿಗೆ, ಗೂಡು, ಗೂಟ ಏನಾದ್ರೂ ಇದ್ದರೆ ಅದರ ಕತೆ ನಮಗೆ ಬರೆದು ಕಳಿಸಿ. ಮಾಡಿದವರು ಯಾರು ಅಂತ ಕೇಳಿ ತಿಳಿದುಕೊಂಡು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.